ನೆಟ್‌ವರ್ಕೇ ಇಲ್ಲದ ಬಿಲ್ಡ್ ಮಷೀನಿನಲ್ಲಿ ಎನ್‌ಮ್ಯಾಪ್ ಟೆಸ್ಟ್

ಎನ್‌ಮ್ಯಾಪ್ ಅಂದರೆ ಒಂದು ಕಂಪ್ಯೂಟರಿನಲ್ಲಿ ಯಾವ ಪೋರ್ಟ್‌ಗಳು (ನೆಟ್‌ವರ್ಕ್ ಬಾಗಿಲುಗಳು) ತೆರೆದಿವೆ ಎಂದು ಹುಡುಕುವ ಸಾಧನ. ಲಿನಕ್ಸಿಗೆ ಅದರ ಪ್ಯಾಕೇಜ್ ಕಟ್ಟುವುದು ದೊಡ್ಡ ಕೆಲಸವಲ್ಲ. ಅದಕ್ಕೆ ಬೇಕಾದ ಲುವಾ (ಸ್ಕ್ರಿಪ್ಟ್ ಭಾಷೆ), ಲಿಬ್‌ಪಿಕ್ಯಾಪ್ (ಪ್ಯಾಕೆಟ್ ಹಿಡಿಯುವ ಲೈಬ್ರರಿ) ಎಲ್ಲಾ ಸಿಸ್ಟಮ್ಮಿನದೇ ಹಾಕುತ್ತೇನೆ. ಪ್ಯಾಕೆಟ್ ಕಳಿಸುವ ಲೈಬ್ರರಿ ಲಿಬ್‌ಡಿನೆಟ್ ಮಾತ್ರ ಎನ್‌ಮ್ಯಾಪ್ ಜೊತೆ ಬಂದದ್ದೇ ಇರಲಿ, ಅದನ್ನು ಎನ್‌ಮ್ಯಾಪ್‌ನವರು ತುಂಬಾ ತಿದ್ದಿಕೊಂಡಿದ್ದಾರೆ.

ತಲೆನೋವು ಇರುವುದು ಟೆಸ್ಟಿನಲ್ಲಿ. ಸಂಪರ್ಕದ ಮೊದಲ ಪ್ಯಾಕೆಟ್ ಮಾತ್ರ ಕಳಿಸಿ ಉತ್ತರ ನೋಡುವ ಸಿನ್ ಸ್ಕ್ಯಾನಿಗೆ ರಾ ಸಾಕೆಟ್ ಬೇಕು, ಅಂದರೆ ಪ್ಯಾಕೆಟ್ ನಾವೇ ಕಟ್ಟಿ ಕಳಿಸುವ ದಾರಿ; ಅದಕ್ಕೆ ರೂಟ್ ಅಧಿಕಾರ ಬೇಕು. ಪ್ಯಾಕೇಜ್ ಕಟ್ಟುವ ಬಿಲ್ಡ್ ಮಷೀನಿನಲ್ಲಿ ರೂಟ್ ಇಲ್ಲ, ನೆಟ್‌ವರ್ಕೂ ಇಲ್ಲ. "ವರ್ಷನ್ ಪ್ರಿಂಟ್ ಆದ್ರೆ ಸಾಕು ಬಿಡಿ, ಇದು ಆಗೋ ಮಾತಲ್ಲ" ಅಂದಿದ್ದರು ಜೊತೆಯ ಮೇಂಟೇನರ್‌ಗಳು.

ಮೊದಲು ಬಾಡಿಗೆ ಸರ್ವರ್ ಹಿಡಿದೆ, ಸ್ವಂತ ದುಡ್ಡಿನಲ್ಲಿ. ಅಲ್ಲಿಂದ ಎನ್‌ಮ್ಯಾಪ್‌ನವರೇ ಪ್ರಯೋಗಕ್ಕೆ ಇಟ್ಟಿರುವ ಸ್ಕ್ಯಾನ್‌ಮಿ ಹೋಸ್ಟಿಗೆ ಸ್ಕ್ಯಾನ್. ಸರ್ವರ್ ಕೊಟ್ಟವರು ಹಿಂದೆಮುಂದೆ ಕೇಳದೆ ಖಾತೆ ಮುಚ್ಚಿದರು, ಮುಂಗಡ ಕಟ್ಟಿದ್ದ ಬಾಡಿಗೆ ನೀರಲ್ಲಿ ಹೋಮ. ಆಮೇಲೆ ವರ್ಚುವಲ್ ಮಷೀನ್. ಕೆಲಸವೇನೋ ಆಗುತ್ತಿತ್ತು, ಆದರೆ ಒಂದು ಬಿಲ್ಡಿಗೆ ಹತ್ತಿರತ್ತಿರ ಅರ್ಧ ಗಂಟೆ. ಅದಕ್ಕೆಂದು ರ‍್ಯಾಮ್ ಕೊಂಡ ಖರ್ಚು ಬೇರೆ.

ಕೊನೆಗೆ ಕೈಹಿಡಿದದ್ದು ಅನ್‌ಶೇರ್, ಒಂದು ಪ್ರೋಗ್ರಾಮನ್ನು ನೇಮ್‌ಸ್ಪೇಸ್ ಎಂಬ ಪ್ರತ್ಯೇಕ ಕೋಣೆಯಲ್ಲಿ ಓಡಿಸುವ ಲಿನಕ್ಸ್ ಆಜ್ಞೆ. ಮೈನಸ್ ಆರ್, ಮೈನಸ್ ಎನ್ ಕೊಟ್ಟರೆ ಯೂಸರ್ ನೇಮ್‌ಸ್ಪೇಸ್, ನೆಟ್‌ವರ್ಕ್ ನೇಮ್‌ಸ್ಪೇಸ್ ಎರಡೂ ಹೊಸದು. ಒಳಗೆ ನಾವೇ ರೂಟ್, ರಾ ಸಾಕೆಟ್ ಸಿಗುತ್ತದೆ. ಅಲ್ಲಿ ಲೂಪ್‌ಬ್ಯಾಕ್ (ಮಷೀನ್ ತನ್ನೊಂದಿಗೇ ಮಾತಾಡುವ ನೆಟ್‌ವರ್ಕ್ ದಾರಿ) ಡೌನ್ ಇರುತ್ತದೆ, ಮೊದಲು ಅದನ್ನು ಎಬ್ಬಿಸಬೇಕು. ಎನ್‌ಮ್ಯಾಪ್ ಜೊತೆಗೇ ಬರುವ ಎನ್‌ಕ್ಯಾಟ್‌ನಿಂದ ಎರಡು ಮೂರು ಪೋರ್ಟ್ ತೆರೆದಿಡಿ. ಸಿನ್ ಸ್ಕ್ಯಾನ್ ಒಂದು, ಪೂರ್ತಿ ಸಂಪರ್ಕ ಮಾಡಿ ನೋಡುವ ಕನೆಕ್ಟ್ ಸ್ಕ್ಯಾನ್ ಒಂದು, ಡಿಎನ್‌ಎಸ್ (ಹೆಸರು ಹುಡುಕುವುದು) ಬಂದ್. ಎರಡರ ಎಕ್ಸ್‌ಎಂಎಲ್ ವರದಿಯಲ್ಲೂ ತೆರೆದ ಪೋರ್ಟ್‌ಗಳು ಅವೇ ಇರಬೇಕು. 65,535 ಪೋರ್ಟೂ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತವೆ. ಬಾಡಿಗೆ ಸೊನ್ನೆ! ಆಗೋ ಮಾತಲ್ಲ ಅಂದವರೇ ಈಗ ನನ್ನ ಟೆಸ್ಟ್ ಫೈಲ್ ಕೇಳಿಕೊಂಡು ಬರುತ್ತಾರೆ.

ಸುಮ್ನೆ ಇನ್ನೊಂದು ಆಟ ಆಡಿದೆ. ಎರಡು ನೇಮ್‌ಸ್ಪೇಸ್ ಮಧ್ಯೆ ವೆತ್ ಜೋಡಿ (ವರ್ಚುವಲ್ ಕೇಬಲ್) ಹಾಕಿ, ಕೆಟ್ಟ ನೆಟ್‌ವರ್ಕನ್ನು ಅನುಕರಿಸುವ ನೆಟೆಮ್‌ನಿಂದ ನೂರಕ್ಕೆ ಹತ್ತಿಪ್ಪತ್ತು ಪ್ಯಾಕೆಟ್ ಬೀಳಿಸಿ, ತಡವನ್ನೂ ಸೇರಿಸಿದೆ. ಎನ್‌ಮ್ಯಾಪಿನ ಅತಿ ವೇಗದ ಮಟ್ಟ ಟಿ5 ಕೊಟ್ಟಾಗ ತೆರೆದ ಪೋರ್ಟ್‌ಗಳೇ ಕೆಲವು ಸಲ ತಪ್ಪಿಹೋದವು. ಮಾಮೂಲಿ ಮಟ್ಟ ಟಿ3 ನಿಧಾನ, ಆದರೆ ಒಂದನ್ನೂ ಬಿಡಲಿಲ್ಲ. ಪ್ಯಾಕೇಜಿಗೆ ಇದರಿಂದ ಉಪಯೋಗವಿಲ್ಲ, ಮಜಾ ಇತ್ತು ಅಷ್ಟೇ.

ಕೆಲವು ಬಿಲ್ಡ್ ಮಷೀನುಗಳಲ್ಲಿ ಸಾಮಾನ್ಯ ಬಳಕೆದಾರರಿಗೆ ಯೂಸರ್ ನೇಮ್‌ಸ್ಪೇಸ್ ಮುಚ್ಚಿರುತ್ತಾರೆ. ಅಲ್ಲಿ ಟೆಸ್ಟ್ ಫೇಲ್ ಆಗಬಾರದು, ಸ್ಕಿಪ್ ಆಗಬೇಕು. ಅದನ್ನು ಪತ್ತೆ ಹಚ್ಚುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎನ್‌ಮ್ಯಾಪನ್ನು ವಿಂಡೋದಲ್ಲಿ ಬಳಸಲು ಇರುವ ಝೆನ್‌ಮ್ಯಾಪ್ ಕಥೆ ಬೇರೆ. 2023ರಲ್ಲಿ ಎನ್‌ಮ್ಯಾಪ್ 7.94 ಬಂದಾಗ ಅದು ಹಳೆಯ ಪೈಥಾನ್ 2 ಬಿಟ್ಟು ಪೈಥಾನ್ 3ಕ್ಕೆ ಬಂತು, ಮತ್ತೆ ಪ್ಯಾಕೇಜಿಗೆ ಸೇರಿಸಿದೆ. ಅದಕ್ಕೆ ಟೆಸ್ಟ್ ಇನ್ನೂ ಬರೆದಿಲ್ಲ, ವಿಂಡೋ ತೆರೆಯುತ್ತದಾ ಅಂತ ಕಣ್ಣಲ್ಲೇ ನೋಡಿ ಬಿಡುತ್ತೇನೆ.