ಒಂದೇ ಹೆಸರು, ಹಲವು ಪಿನ್: ಯುಎಸ್‌ಬಿ ತುದಿಗಳನ್ನು ಗುರುತಿಸುವುದು ಹೇಗೆ?

ಕುಂಬಳೆಯಲ್ಲಾಗಲಿ ಬದಿಯಡ್ಕದಲ್ಲಾಗಲಿ ಮೊಬೈಲ್ ಅಂಗಡಿಗೆ ಹೋಗಿ ಚಾರ್ಜರಿನ ವಯರ್ ಬೇಕೆಂದು ಕೇಳಿದರೆ, ಅಂಗಡಿಯವರು ಮೊದಲು ಕೇಳುವುದು ‘ಯಾವ ಪಿನ್? ಸಿಯಾ, ಹಳೆಯದ್ದಾ?’ ಎಂದು. ಹೆಚ್ಚಿನವರು ಫೋನನ್ನೇ ತೆಗೆದು ತೋರಿಸುತ್ತಾರೆ. ಹೊಂದುವ ವಯರ್ ಸಿಗುತ್ತದೆ, ವ್ಯಾಪಾರ ಮುಗಿಯುತ್ತದೆ. ಆದರೆ ಮನೆಗೆ ಬಂದ ಮೇಲೆ ಅದೇ ವಯರಿನಲ್ಲಿ ಫೋನು ನಿಧಾನವಾಗಿ ಚಾರ್ಜ್ ಆಗುವುದು, ಕಂಪ್ಯೂಟರಿಗೆ ಜೋಡಿಸಿದರೆ ಫೋನಿನ ಫೋಟೊಗಳು ಕಾಣಿಸದೇ ಇರುವುದು, ಲ್ಯಾಪ್‌ಟಾಪ್ ಏನೂ ಸ್ಪಂದಿಸದಿರುವುದು ದಿನನಿತ್ಯದ ಅನುಭವ. ತುದಿಯ ಆಕಾರ ನೋಡಿದರೆ ಅದು ಎಲ್ಲಿ ಹೊಂದುತ್ತದೆ ಎಂಬುದಷ್ಟೇ ತಿಳಿಯುತ್ತದೆ. ಅದರೊಳಗೆ ಎಷ್ಟು ವಿದ್ಯುತ್ತು, ಎಷ್ಟು ವೇಗದ ಮಾಹಿತಿ ಹರಿಯುತ್ತದೆ ಎಂಬುದನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು. ಈ ಎರಡನ್ನೂ ಕ್ರಮವಾಗಿ ತಿಳಿದುಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಎಲ್ಲವನ್ನೂ ಹರಡಿಕೊಳ್ಳಿ

ಮೇಜಿನ ಡ್ರಾಯರಿನಲ್ಲಿ, ಕಪಾಟಿನಲ್ಲಿ, ಹಳೆಯ ಫೋನಿನ ಪೆಟ್ಟಿಗೆಗಳಲ್ಲಿ ಇರುವ ಕೇಬಲುಗಳನ್ನೆಲ್ಲ ತಂದು ಬೆಳಕಿರುವ ಕಡೆ ಚಾಪೆಯ ಮೇಲೆ ಹರಡಿ. ಪ್ರತಿ ಕೇಬಲಿಗೂ ಎರಡು ತುದಿಗಳಿವೆ. ಒಂದು ವಿದ್ಯುತ್ತನ್ನು ಕೊಡುವ ಕಡೆಗೆ, ಅಂದರೆ ಕಂಪ್ಯೂಟರಿಗೆ ಅಥವಾ ಚಾರ್ಜರಿಗೆ ಹೋಗುವಂಥದ್ದು. ಇನ್ನೊಂದು ಪಡೆಯುವ ಕಡೆಗೆ, ಅಂದರೆ ಫೋನಿಗೋ ಪ್ರಿಂಟರಿಗೋ ಹೋಗುವಂಥದ್ದು. ಇಂತಹ ಜೋಡಣೆಗಳ ಪದ್ಧತಿಯಾದ ಯುಎಸ್‌ಬಿಯ ಮೊದಲ ಮಾನದಂಡ 1996ರಲ್ಲಿ ಪ್ರಕಟವಾದಾಗ ಕೊಡುವ ಕಡೆಗೆ ಟೈಪ್-ಎ, ಪಡೆಯುವ ಕಡೆಗೆ ಟೈಪ್-ಬಿ ಎಂದು ಎರಡು ಬೇರೆ ಆಕಾರಗಳನ್ನು ಬೇಕೆಂದೇ ಇಟ್ಟರು. ವಿದ್ಯುತ್ತು ಕೊಡುವ ಎರಡು ಯಂತ್ರಗಳನ್ನು ಯಾರಾದರೂ ತಿಳಿಯದೆ ಒಂದಕ್ಕೊಂದು ಜೋಡಿಸಿ ಹಾನಿ ಮಾಡಿಕೊಳ್ಳಬಾರದು ಎಂಬುದು ಅದರ ಹಿಂದಿನ ಉದ್ದೇಶ. ಈ ಕಾರಣಕ್ಕಾಗಿಯೇ ಎರಡೂ ತುದಿಯಲ್ಲಿ ಟೈಪ್-ಎ ಇರುವ ಕೇಬಲ್ ಎಲ್ಲಾದರೂ ಸಿಕ್ಕಿದರೆ, ಅದು ಯಾವ ಉಪಕರಣದ ಜೊತೆ ಬಂದದ್ದೋ ಅದಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸಬೇಡಿ.

ಚಪ್ಪಟೆಯ ಆಯತ: ಟೈಪ್-ಎ

ಪೆನ್‌ಡ್ರೈವ್, ಮೌಸ್, ಹಳೆಯ ಚಾರ್ಜರುಗಳಲ್ಲಿ ಕಾಣುವ, ಸುಮಾರು 12 ಮಿಲಿಮೀಟರ್ ಅಗಲ, 4.5 ಮಿಲಿಮೀಟರ್ ದಪ್ಪದ ಆಯತಾಕಾರದ ತುದಿಯೇ ಟೈಪ್-ಎ. ಇದನ್ನು ಒಂದೇ ಮಗ್ಗುಲಲ್ಲಿ ಹಾಕಬೇಕು. ತುದಿಯ ಮೇಲೆ ತ್ರಿಶೂಲದಂತಹ ಗುರುತು ಇದ್ದರೆ, ಪೋರ್ಟ್ (ತುದಿಯನ್ನು ಹಾಕುವ ಕಿಂಡಿ) ಅಡ್ಡವಾಗಿರುವ ಲ್ಯಾಪ್‌ಟಾಪಿನಲ್ಲಿ ಆ ಗುರುತು ಸಾಮಾನ್ಯವಾಗಿ ಮೇಲ್ಮುಖವಾಗಿರಬೇಕು.

ಈಗ ತುದಿಯ ಒಳಗೆ ಇಣುಕಿ ನೋಡಿ. ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳು ಕಾಣುತ್ತವೆ. ಹೊರಗಿನ ಎರಡು ವಿದ್ಯುತ್ತಿಗೆ, ನಡುವಿನ ಎರಡು ಮಾಹಿತಿಗೆ. ನಾಲ್ಕೇ ಇದ್ದರೆ ಅದು ಯುಎಸ್‌ಬಿ 2.0 ಅಥವಾ ಅದಕ್ಕಿಂತ ಹಳೆಯದು. ಅದರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. 2008ರಲ್ಲಿ ಬಂದ ಯುಎಸ್‌ಬಿ 3.0ರ ತುದಿಯಲ್ಲಿ ಇವುಗಳ ಜೊತೆ ಇನ್ನೂ ಐದು ಸಣ್ಣ ಪಟ್ಟಿಗಳು ಒಳಭಾಗದಲ್ಲಿರುತ್ತವೆ, ಒಟ್ಟು ಒಂಬತ್ತು. ವೇಗ ಸೆಕೆಂಡಿಗೆ 5 ಗಿಗಾಬಿಟ್. ಇಂತಹ ತುದಿಯ ಒಳಗಿನ ಪ್ಲಾಸ್ಟಿಕ್ ನಾಲಗೆ ಸಾಮಾನ್ಯವಾಗಿ ನೀಲಿ ಬಣ್ಣದ್ದಾಗಿರುತ್ತದೆ. ಆದರೆ ಬಣ್ಣ ಕಡ್ಡಾಯವಲ್ಲ. ಕೆಲವು ಕಂಪೆನಿಗಳು ಕಪ್ಪು ಬಣ್ಣವನ್ನೇ ಇಡುತ್ತವೆ. ಹಾಗಾಗಿ ಬಣ್ಣಕ್ಕಿಂತ ಪಟ್ಟಿಗಳನ್ನು ಎಣಿಸುವುದೇ ಖಚಿತ. ನೀಲಿ ತುದಿ ಹಳೆಯ ಪೋರ್ಟಿಗೂ, ಹಳೆಯ ತುದಿ ನೀಲಿ ಪೋರ್ಟಿಗೂ ಹೊಂದುತ್ತದೆ; ಎರಡರಲ್ಲಿ ಯಾವುದು ನಿಧಾನವೋ ಆ ವೇಗದಲ್ಲಿ ಕೆಲಸ ನಡೆಯುತ್ತದೆ.

ಚೌಕ, ಮಿನಿ, ಮೈಕ್ರೊ

ಕೇರಳ ಸರಕಾರದ ಆನ್‌ಲೈನ್ ಸೇವೆಗಳು ಸಿಗುವ ಅಕ್ಷಯ ಕೇಂದ್ರಕ್ಕೆ ಹೋದಾಗ ಅಲ್ಲಿನ ಪ್ರಿಂಟರಿನ ಹಿಂಬದಿಯನ್ನು ಗಮನಿಸಿದರೆ, ಮೇಲಿನ ಎರಡು ಮೂಲೆಗಳನ್ನು ಓರೆಯಾಗಿ ಕತ್ತರಿಸಿದಂತಿರುವ ಚೌಕ ಪೋರ್ಟ್ ಕಾಣುತ್ತದೆ, ಅದು ಟೈಪ್-ಬಿ. ಗಟ್ಟಿಯಾದದ್ದು, ಎಳೆದರೂ ಸುಲಭವಾಗಿ ಕಳಚಿಕೊಳ್ಳದು. ಮಿನಿ ಎಂಬುದು ಹಳೆಯ ಡಿಜಿಟಲ್ ಕ್ಯಾಮೆರಾಗಳಲ್ಲಿದ್ದ, ಮೈಕ್ರೊಗಿಂತ ದಪ್ಪನೆಯ ತುದಿ; ಈಗ ಬಹಳ ಅಪರೂಪ.

ಅಂಗಡಿಯವರು ‘ಹಳೆಯ ಪಿನ್’ ಎನ್ನುವುದು 2007ರಲ್ಲಿ ಪ್ರಕಟವಾದ ಮೈಕ್ರೊ-ಬಿಗೆ. ಇದರ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಒಂದು ಬದಿಯಲ್ಲಿ ಸಣ್ಣ ಎರಡು ಕೊಕ್ಕೆಗಳು ಎದ್ದು ನಿಂತಿರುತ್ತವೆ, ಬೆರಳಿನಿಂದ ಸವರಿದರೆ ಗೊತ್ತಾಗುತ್ತದೆ. ಆಟಿ ತಿಂಗಳ ಒಂದು ರಾತ್ರಿ ಕರೆಂಟು ಹೋಗಿ ಬಂದು ಮಾಡುತ್ತಿದ್ದಾಗ, ಕತ್ತಲಲ್ಲಿ ನಾನು ಈ ತುದಿಯನ್ನು ತಲೆಕೆಳಗಾಗಿ ಹಿಡಿದು ಬಲವಾಗಿ ಒತ್ತಿದ್ದರಿಂದ ಫೋನಿನ ಒಳಗಿನ ನಾಲಗೆಯೇ ಮುರಿದುಹೋಯಿತು. ಅಂದಿನಿಂದ, ಮೈಕ್ರೊ ತುದಿಯ ಅಗಲ ಬದಿಗೆ ಉಗುರಿನ ಬಣ್ಣದ ಒಂದು ಚುಕ್ಕಿ ಇಡುವುದು ನಮ್ಮ ಮನೆಯ ರೂಢಿ. ಎದುರಿನಿಂದ ಯಾವುದೇ ತಡೆ ಅನುಭವಕ್ಕೆ ಬಂದರೆ ಅಲ್ಲಿಗೇ ನಿಲ್ಲಿಸಿ ತಿರುಗಿಸಿ ನೋಡಬೇಕು. ಸರಿಯಾದ ಬದಿಯಲ್ಲಿ ಹಿಡಿದರೆ ಮೈಕ್ರೊ ಮೆತ್ತಗೆ ಒಳಹೋಗುತ್ತದೆ.

ಹಾರ್ಡ್‌ಡಿಸ್ಕಿನ ಅಗಲ ಪಿನ್

ಹೊರಗಿನಿಂದ ಜೋಡಿಸುವ ಹಾರ್ಡ್‌ಡಿಸ್ಕುಗಳಲ್ಲಿ ಮೈಕ್ರೊ ತುದಿಯ ಪಕ್ಕಕ್ಕೆ ಇನ್ನೊಂದು ತುಂಡನ್ನು ಅಂಟಿಸಿದಂತೆ ಕಾಣುವ, ನಡುವೆ ಸೀಳಿರುವ ಅಗಲವಾದ ತುದಿ ಇರುತ್ತದೆ. ಇದು ಯುಎಸ್‌ಬಿ 3.0ರ ಮೈಕ್ರೊ-ಬಿ. ಹಲವರಿಗೆ ಗೊತ್ತಿಲ್ಲದ ಸಂಗತಿಯೊಂದು ಇಲ್ಲಿದೆ: ಫೋನಿನ ಸಾಮಾನ್ಯ ಮೈಕ್ರೊ ವಯರನ್ನು ಈ ಪೋರ್ಟಿನ ದೊಡ್ಡ ಅರ್ಧಕ್ಕೆ ಹಾಕಿದರೆ ಅದು ಹೊಂದುತ್ತದೆ, ಡಿಸ್ಕು ಕೆಲಸವನ್ನೂ ಮಾಡುತ್ತದೆ. ಆದರೆ ವೇಗ 2.0ರದ್ದು.

ಇದರ ಪರಿಣಾಮವನ್ನು ನಮ್ಮೂರಿನ ಬಯಲಾಟದ ಉದಾಹರಣೆಯಿಂದ ನೋಡೋಣ. ಇಡೀ ರಾತ್ರಿಯ ಯಕ್ಷಗಾನವನ್ನು ಚಿತ್ರೀಕರಿಸಿದರೆ ಒಟ್ಟು 60 ಗಿಗಾಬೈಟ್ ಆಯಿತೆಂದು ಇಟ್ಟುಕೊಳ್ಳಿ. ಯುಎಸ್‌ಬಿ 2.0 ಕೇಬಲಿನಲ್ಲಿ ವಾಸ್ತವವಾಗಿ ಸಿಗುವ ವೇಗ ಸೆಕೆಂಡಿಗೆ ಸುಮಾರು 35 ಮೆಗಾಬೈಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್). ಅಂದರೆ ನಕಲು ಮಾಡಲು ಅರ್ಧ ಗಂಟೆಯ ಹತ್ತಿರ ಬೇಕು. ಅದೇ ಡಿಸ್ಕಿಗೆ ಅದರದೇ ಅಗಲ ಪಿನ್ನಿನ ಕೇಬಲ್ ಹಾಕಿ ಲ್ಯಾಪ್‌ಟಾಪಿನ ನೀಲಿ ಪೋರ್ಟಿಗೆ ಜೋಡಿಸಿದರೆ, ಸೆಕೆಂಡಿಗೆ ಸುಮಾರು 110 ಮೆಗಾಬೈಟಿನಂತೆ ಒಂಬತ್ತು ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಚೌಕಿಯಲ್ಲಿ ಕಲಾವಿದರು ಬಣ್ಣ ತೆಗೆದು ಹೊರಡುವುದರೊಳಗೆ ಅವರಿಗೊಂದು ಪ್ರತಿ ಕೊಡಬೇಕಾದವರಿಗೆ ಈ ಇಪ್ಪತ್ತು ನಿಮಿಷ ಸಣ್ಣದಲ್ಲ. ಹಾಗಾಗಿ ಹಾರ್ಡ್‌ಡಿಸ್ಕಿನ ಜೊತೆ ಬಂದ ಗಿಡ್ಡ ಕೇಬಲನ್ನು ಡಿಸ್ಕಿನ ಚೀಲದಿಂದ ಹೊರಗೆ ಬಿಡಲೇಬೇಡಿ.

ಟೈಪ್-ಸಿ: ಆಕಾರ ಒಂದು, ಒಳಗುಣ ಹಲವು

2014ರಲ್ಲಿ ಪ್ರಕಟವಾದ ಟೈಪ್-ಸಿ ಮೊಟ್ಟೆಯಂತೆ ಉದ್ದುರುಟಾದ, ಸುಮಾರು 8.4 ಮಿಲಿಮೀಟರ್ ಅಗಲದ ತುದಿ. ಪೋರ್ಟಿನ ಒಳಗೆ ಮೇಲೆ 12, ಕೆಳಗೆ 12, ಒಟ್ಟು 24 ಸಂಪರ್ಕ ಬಿಂದುಗಳಿರುವುದರಿಂದ ಯಾವ ಮಗ್ಗುಲಲ್ಲಿ ಹಾಕಿದರೂ ಸರಿ. ಕೊಡುವ ಕಡೆ, ಪಡೆಯುವ ಕಡೆ ಎರಡಕ್ಕೂ ಇದೇ ಆಕಾರ. ಐರೋಪ್ಯ ಒಕ್ಕೂಟವು 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಇದನ್ನು ಕಡ್ಡಾಯ ಮಾಡಿತು; ಐಫೋನಿನಲ್ಲಿ 2012ರಿಂದ ಇದ್ದ ಲೈಟ್ನಿಂಗ್ ಪಿನ್ನಿನ ಬದಲು 2023ರ ಐಫೋನ್ 15ರಲ್ಲಿ ಟೈಪ್-ಸಿ ಬಂತು. ಗಲ್ಫಿನಿಂದ ಬಂದವರು ಕೊಟ್ಟ ಹಳೆಯ ಐಫೋನು ಮನೆಯಲ್ಲಿದ್ದರೆ ಅದರ ತೆಳ್ಳಗಿನ ತುದಿ ಲೈಟ್ನಿಂಗ್ ಎಂದು ನೆನಪಿಡಿ. ಟೈಪ್-ಸಿಯ ನಡುವೆ ಟೊಳ್ಳು ಇರುತ್ತದೆ; ಲೈಟ್ನಿಂಗ್ ತುದಿ ಚಪ್ಪಟೆ ನಾಲಗೆಯಂತೆ ಗಟ್ಟಿಯಾಗಿರುತ್ತದೆ.

ಗೊಂದಲ ಹೆಚ್ಚಿದ್ದು ಇದೇ ಟೈಪ್-ಸಿಯಲ್ಲಿ. ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಎರಡು ಸಿ ಕೇಬಲುಗಳಲ್ಲಿ ಒಂದು ಸೆಕೆಂಡಿಗೆ 480 ಮೆಗಾಬಿಟ್ ಮಾತ್ರ ಸಾಗಿಸಬಹುದು, ಇನ್ನೊಂದು 40 ಗಿಗಾಬಿಟ್ ಸಾಗಿಸಬಹುದು. ಪೋರ್ಟಿಗೂ ಇದೇ ಮಾತು ಅನ್ವಯಿಸುತ್ತದೆ: ಐಫೋನ್ 15ರ ಸಾಮಾನ್ಯ ಮಾದರಿಯ ಟೈಪ್-ಸಿ ಪೋರ್ಟಿನ ವೇಗ ಯುಎಸ್‌ಬಿ 2.0ರದ್ದು, ಪ್ರೊ ಮಾದರಿಯದ್ದು 10 ಗಿಗಾಬಿಟ್ ವರೆಗೆ. ಟಿವಿಗೆ ಚಿತ್ರ ಕಳುಹಿಸುವ ಸಾಮರ್ಥ್ಯವೂ ಎಲ್ಲ ಸಿ ಪೋರ್ಟುಗಳಲ್ಲಿ ಇಲ್ಲ. ಹಾಗಾಗಿ ಕೊಳ್ಳುವಾಗ ‘ಸಿ ಪಿನ್ ಕೊಡಿ’ ಎಂದರೆ ಸಾಲದು. ಪೆಟ್ಟಿಗೆಯ ಮೇಲೆ ಎಷ್ಟು ವ್ಯಾಟ್, ಎಷ್ಟು ಗಿಗಾಬಿಟ್ ಎಂದು ಬರೆದಿದೆಯೇ ಎಂದು ಓದಿ. ವ್ಯಾಟ್ ಮಾತ್ರ ಬರೆದು ವೇಗದ ಮಾತೇ ಎತ್ತದಿದ್ದರೆ ಅದನ್ನು 2.0 ಎಂದೇ ಭಾವಿಸಿ ಕೊಳ್ಳುವುದು ಸುರಕ್ಷಿತ.

ವಿದ್ಯುತ್ತಿನ ಲೆಕ್ಕ

ಕಂಪ್ಯೂಟರಿನ ಯುಎಸ್‌ಬಿ 2.0 ಪೋರ್ಟ್ 5 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಕೊಡುತ್ತದೆ, ಅಂದರೆ ಎರಡೂವರೆ ವ್ಯಾಟ್. 3.0 ಪೋರ್ಟಿನಲ್ಲಿ ಅದು ನಾಲ್ಕೂವರೆ ವ್ಯಾಟ್. ಲ್ಯಾಪ್‌ಟಾಪಿಗೆ ಜೋಡಿಸಿದ ಫೋನು ಗಂಟೆಗಟ್ಟಲೆ ತುಂಬದಿರಲು ಕಾರಣ ಇದು. ಟೈಪ್-ಸಿ ಚಾರ್ಜರು 5 ವೋಲ್ಟಿನಲ್ಲಿಯೇ 15 ವ್ಯಾಟ್ ವರೆಗೆ ಕೊಡಬಲ್ಲದು. ಪವರ್ ಡೆಲಿವರಿ ಎಂಬ ಪದ್ಧತಿಯಲ್ಲಿ ಚಾರ್ಜರೂ ಫೋನೂ ಮೊದಲು ಕೇಬಲಿನ ಮೂಲಕ ಮಾತಾಡಿಕೊಂಡು ವೋಲ್ಟೇಜನ್ನು ಏರಿಸಿಕೊಳ್ಳುತ್ತವೆ. 2021ರಿಂದ ಇದರ ಮಿತಿ 240 ವ್ಯಾಟ್. ಆದರೆ ಸಾಮಾನ್ಯ ಸಿ ಕೇಬಲ್ 60 ವ್ಯಾಟಿಗಷ್ಟೇ ಸಮರ್ಥ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಕೇಬಲಿನ ತುದಿಯೊಳಗೆ ಅದರ ಸಾಮರ್ಥ್ಯವನ್ನು ಚಾರ್ಜರಿಗೆ ತಿಳಿಸುವ ಸಣ್ಣ ಚಿಪ್ ಇರಲೇಬೇಕು. 65 ವ್ಯಾಟಿನ ಲ್ಯಾಪ್‌ಟಾಪ್ ಚಾರ್ಜರಿಗೆ ಫೋನಿನ ಕೇಬಲ್ ಹಾಕಿದಾಗ ಕೊರತೆ ಕಾಣುವುದು ಇದರಿಂದಲೇ. ಕೆಲವು ಫೋನ್ ಕಂಪೆನಿಗಳ ಸ್ವಂತ ವೇಗದ ಚಾರ್ಜಿಂಗ್ ಪದ್ಧತಿಗೆ ಅವರದೇ ಚಾರ್ಜರೂ ಅವರದೇ ಕೇಬಲೂ ಒಟ್ಟಿಗೆ ಬೇಕಾಗುತ್ತದೆ.

ಇನ್ನೊಂದು ತೊಡಕನ್ನು ಹತ್ತಿರದಿಂದ ನೋಡಿದ್ದೇನೆ. ಅಡಕೆ ತೋಟಕ್ಕೆ ರಾತ್ರಿ ನೀರು ಬಿಡಲು ಹೋಗುವಾಗ ತಲೆಗೆ ಕಟ್ಟಿಕೊಳ್ಳುವ ಟಾರ್ಚು, ಸಿ ಪೋರ್ಟಿನದ್ದು. ಹೊಸ ಚಾರ್ಜರಿಗೆ ಎರಡೂ ಕಡೆ ಸಿ ಇರುವ ಕೇಬಲಿನಿಂದ ಜೋಡಿಸಿದರೆ ಕೆಂಪು ದೀಪವೇ ಹೊತ್ತುವುದಿಲ್ಲ. ಅದೇ ಟಾರ್ಚಿಗೆ ಹಳೆಯ ಎ ಚಾರ್ಜರಿನಿಂದ ಎ-ಸಿ ಕೇಬಲ್, ಅಂದರೆ ಒಂದು ಕಡೆ ಎ, ಇನ್ನೊಂದು ಕಡೆ ಸಿ ಇರುವಂಥದ್ದು, ಹಾಕಿದರೆ ತಕ್ಷಣ ಚಾರ್ಜ್ ಆಗತೊಡಗುತ್ತದೆ. ಟೈಪ್-ಸಿ ಚಾರ್ಜರು ಎದುರುಬದಿಯಲ್ಲಿ ಉಪಕರಣವಿದೆ ಎಂದು ಖಚಿತವಾಗುವ ತನಕ ವಿದ್ಯುತ್ತು ಬಿಡುವುದಿಲ್ಲ. ಆ ಗುರುತಿಗಾಗಿ ಉಪಕರಣದ ಒಳಗೆ 5.1 ಕಿಲೊಓಮ್‌ನ ಎರಡು ರೆಸಿಸ್ಟರುಗಳು (ವಿದ್ಯುತ್ತಿನ ಹರಿವಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗಗಳು) ಇರಬೇಕು. ಅಗ್ಗದ ಟಾರ್ಚು, ಸ್ಪೀಕರ್, ಟ್ರಿಮ್ಮರುಗಳಲ್ಲಿ ಅವನ್ನು ಬಿಟ್ಟಿರುವುದುಂಟು. ಎ ಚಾರ್ಜರು ಹೀಗೆ ವಿಚಾರಿಸದೆ ಸದಾ 5 ವೋಲ್ಟ್ ಕೊಡುವುದರಿಂದ ಅದರಲ್ಲಿ ಕೆಲಸ ನಡೆಯುತ್ತದೆ. ಹಾಗಾಗಿ ಟಾರ್ಚು ಕೆಟ್ಟಿತೆಂದು ಎಸೆಯುವ ಮೊದಲು ಒಂದು ಎ-ಸಿ ಕೇಬಲಿನಿಂದ ಪರೀಕ್ಷಿಸಿ. ಮನೆಯಲ್ಲಿ ಒಂದು ಎ ಚಾರ್ಜರನ್ನು ಉಳಿಸಿಕೊಳ್ಳುವುದಕ್ಕೆ ಇಷ್ಟೇ ಕಾರಣ ಸಾಕು.

ಮಾಹಿತಿ ಹೋಗುತ್ತದೆಯೇ ಎಂದು ಪರೀಕ್ಷಿಸುವುದು

ಕೆಲವು ಕೇಬಲುಗಳಲ್ಲಿ ವಿದ್ಯುತ್ತಿನ ಎರಡು ತಂತಿಗಳು ಮಾತ್ರ ಇರುತ್ತವೆ. ತುಂಡಾದ ಹಳೆಯ ಕೇಬಲಿದ್ದರೆ ಬ್ಲೇಡಿನಿಂದ ಹೊರಗಿನ ಸಿಪ್ಪೆ ಸುಲಿದು ನೋಡಿ: ಸಾಮಾನ್ಯವಾಗಿ ಕೆಂಪು, ಕಪ್ಪು ತಂತಿಗಳು ವಿದ್ಯುತ್ತಿಗೆ, ಹಸಿರು, ಬಿಳಿ ತಂತಿಗಳು ಮಾಹಿತಿಗೆ. ಹಸಿರೂ ಬಿಳಿಯೂ ಇಲ್ಲವಾದರೆ ಅದು ಚಾರ್ಜಿಗೆ ಮಾತ್ರ. ಸುಸ್ಥಿತಿಯಲ್ಲಿರುವ ಕೇಬಲನ್ನು ಕತ್ತರಿಸಬೇಕಾಗಿಲ್ಲ. ಫೋನನ್ನು ಅನ್‌ಲಾಕ್ ಮಾಡಿ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಪರದೆಯಲ್ಲಿ ಫೈಲ್ ವರ್ಗಾವಣೆಯ ಆಯ್ಕೆ ಬರುತ್ತದೆಯೇ ನೋಡಿ. ಇನ್ನೊಂದು ಕೇಬಲಿನಲ್ಲಿ ಬಂದು ಇದರಲ್ಲಿ ಬರದಿದ್ದರೆ ದೋಷ ಕೇಬಲಿನದ್ದೇ. ಫೋನಿಗೆ ನೇರವಾಗಿ ಪೆನ್‌ಡ್ರೈವ್ ಜೋಡಿಸಲು ಒಟಿಜಿ ಎಂಬ ಪುಟ್ಟ ಅಡಾಪ್ಟರ್ ಬೇಕು. ಕೆಲವು ಫೋನುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಒಟಿಜಿಯನ್ನು ಆನ್ ಮಾಡಬೇಕಾಗುತ್ತದೆ.

ಮಳೆಗಾಲದ ಎಚ್ಚರಿಕೆ

ಕಡಲ ಬದಿಯ ಉಪ್ಪುಗಾಳಿಗೂ ಮಳೆಗಾಲದ ಥಂಡಿಗೂ ಪೋರ್ಟಿನ ಲೋಹ ಬೇಗ ಮಂಕಾಗುತ್ತದೆ. ಒದ್ದೆ ಫೋನಿಗೆ ಕೇಬಲ್ ಹಾಕಬಾರದು. ನೀರಿನ ಎಚ್ಚರಿಕೆ ಪರದೆಯಲ್ಲಿ ಬಂದರೆ ಪೋರ್ಟನ್ನು ಕೆಳಮುಖವಾಗಿ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಒಣಗಲು ಬಿಡಬೇಕು. ಸಿ ತುದಿ ಪೂರ್ತಿ ಒಳಹೋಗದೆ ಸಡಿಲವಾಗಿ ನಿಂತರೆ ಹೆಚ್ಚಿನ ಸಲ ಜೇಬಿನ ನೂಲಿನ ಧೂಳು ತಳದಲ್ಲಿ ಗಟ್ಟಿಯಾಗಿರುತ್ತದೆ. ಫೋನನ್ನು ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ನಡುವಿನ ನಾಲಗೆಗೆ ತಾಗದಂತೆ ಅಂಚುಗಳಿಂದ ಕೆದಕಿ ತೆಗೆಯಿರಿ. ಸೂಜಿ, ಪಿನ್ನು ಬೇಡ.

ಕೊನೆಯದಾಗಿ, ಪರೀಕ್ಷಿಸಿದ ಪ್ರತಿ ಕೇಬಲಿಗೂ ಬಿಳಿ ಟೇಪಿನ ತುಂಡೊಂದನ್ನು ಸುತ್ತಿ, ತಿಳಿದದ್ದನ್ನು ಶಾಯಿ ಪೆನ್ನಿನಲ್ಲಿ ಬರೆಯಿರಿ. ನಮ್ಮ ಮನೆಯ ಟೇಪುಗಳ ಮೇಲೆ ಈಗ ಹೀಗಿದೆ: ‘ಸಿ-ಸಿ, 60 ವ್ಯಾಟ್, ಫೋಟೊ ಹೋಗುತ್ತದೆ’, ‘ಎ-ಸಿ, ಟಾರ್ಚಿಗೆ’, ‘ಎ-ಮೈಕ್ರೊ, ಚಾರ್ಜ್ ಮಾತ್ರ’, ‘ಹಾರ್ಡ್‌ಡಿಸ್ಕಿನದ್ದು, ತೆಗೆಯಬಾರದು’.