ನ್ಯೂಜೆರ್ಸಿಯ ಹಿಮದ ಮುನ್ಸೂಚನೆಯನ್ನು ಓದುವ ಬಗೆ: ಹೊಸದಾಗಿ ಬಂದ ಕನ್ನಡಿಗರಿಗೆ

ನ್ಯೂಜೆರ್ಸಿಗೆ ಹೊಸದಾಗಿ ಬಂದು ಎಡಿಸನ್, ಪ್ಲೇನ್ಸ್‌ಬರೋ, ಪಾರ್ಸಿಪನಿ ಅಥವಾ ಜೆರ್ಸಿ ಸಿಟಿಯಲ್ಲಿ ಮನೆ ಹಿಡಿದ ಕನ್ನಡಿಗರು ಮೊದಲ ಚಳಿಗಾಲ ಮುಗಿಯುವುದರೊಳಗೆ ಇಲ್ಲಿನವರ ಒಂದು ಗೊಣಗಾಟವನ್ನು ತಾವೂ ಕಲಿತಿರುತ್ತಾರೆ. ಹತ್ತು ಇಂಚು ಹಿಮ ಬೀಳುತ್ತದೆ ಎಂದು ಟಿವಿಯವರು ಮೂರು ದಿನ ಹೆದರಿಸಿದರು, ಅಂಗಡಿಗಳಲ್ಲಿ ಹಾಲು ಬ್ರೆಡ್ಡು ಖಾಲಿಯಾದವು, ಕನ್ನಡ ಸಂಘದ ಸಂಕ್ರಾಂತಿ ಕಾರ್ಯಕ್ರಮವನ್ನು ಮುಂದೂಡಿದ್ದಾಯಿತು, ಕೊನೆಗೆ ಬಿದ್ದದ್ದು ಬರೀ ಮಳೆ. ಇನ್ನೊಮ್ಮೆ, ತುಸು ಹಿಮ ಬಿದ್ದು ಆಮೇಲೆ ಮಳೆಯಾಗುತ್ತದೆ ಎಂದಿದ್ದ ದಿನ ರಸ್ತೆಗಳೆಲ್ಲ ಮುಚ್ಚಿ, ಆಫೀಸಿನಿಂದ ಮನೆ ಸೇರುವಾಗ ನಡುರಾತ್ರಿಯಾಯಿತು. ಈ ಅಸಮಾಧಾನ ಪೂರ್ತಿ ಸುಳ್ಳಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಪಾಲಿಗೆ ಕಾರಣ ಬೇರೆಯೇ ಇದೆ: ಹವಾಮಾನ ಕಚೇರಿಯಿಂದ ಹೊರಟ ಮುನ್ಸೂಚನೆ ನಮ್ಮ ಫೋನಿಗೆ ಬಂದು ತಲುಪುವ ಹೊತ್ತಿಗೆ ಅದರಲ್ಲಿದ್ದ ‘ಇಷ್ಟರಿಂದ ಇಷ್ಟು’, ‘ಹೀಗಾದರೆ ಹಾಗೆ’ ಎಂಬ ಮಾತುಗಳೆಲ್ಲ ಸೋರಿಹೋಗಿ ಒಂದೇ ಒಂದು ಸಂಖ್ಯೆ ಉಳಿದಿರುತ್ತದೆ.

ಮೊದಲು ನೆಲದ ವಿಷಯ. ಇಲ್ಲಿಗೆ ದೊಡ್ಡ ಹಿಮವನ್ನು ತರುವುದು ಅಟ್ಲಾಂಟಿಕ್ ಕರಾವಳಿಯ ಗುಂಟ ಮೇಲೇರಿ ಬರುವ, ನಾರ್‌ಈಸ್ಟರ್ ಎಂದು ಕರೆಯುವ ಬಿರುಗಾಳಿ. ಅದರ ಗಾಳಿ ಈಶಾನ್ಯದಿಂದ, ಸಮುದ್ರದ ಮೇಲಿಂದ ಬೀಸುತ್ತದೆ. ಜನವರಿಯಲ್ಲೂ ಸಮುದ್ರದ ನೀರು 40 ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸಿನಲ್ಲಿ, ಅಂದರೆ ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೇಲೆಯೇ ಇರುವುದರಿಂದ, ಆ ಗಾಳಿ ಒಳನಾಡಿಗೆ ಎಷ್ಟು ದೂರ ನುಗ್ಗಿತು ಎಂಬುದರ ಮೇಲೆ ಎಲ್ಲಿಯವರೆಗೆ ಮಳೆ, ಎಲ್ಲಿಂದಾಚೆಗೆ ಹಿಮ ಎಂಬುದು ನಿರ್ಧಾರವಾಗುತ್ತದೆ. ಈ ಗೆರೆ ಬಹಳ ಸಲ ಬಂದು ನಿಲ್ಲುವುದು ನಮ್ಮವರು ಹೆಚ್ಚಾಗಿ ನೆಲೆಸಿರುವ ಇಂಟರ್‌ಸ್ಟೇಟ್ 95 ಹೆದ್ದಾರಿಯ ಆಚೀಚೆಯಲ್ಲೇ. ವಾಯವ್ಯದ ಸಸೆಕ್ಸ್ ಕೌಂಟಿಯ ಗುಡ್ಡಗಳಲ್ಲಿ ಜನ ಸಲಿಕೆ ಹಿಡಿದು ನಿಂತಿರುವಾಗಲೇ ಕರಾವಳಿಯ ಟಾಮ್ಸ್ ರಿವರ್‌ನಲ್ಲಿ ಕೊಡೆ ಹಿಡಿದು ಓಡಾಡುತ್ತಿರುತ್ತಾರೆ. ಆಗುಂಬೆಯ ಮಳೆಗೂ ಶಿವಮೊಗ್ಗದ ಮಳೆಗೂ ಇರುವ ಅಂತರವನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ಕಾಣಬಾರದು. ಆದರೆ ಅಲ್ಲಿ ಘಟ್ಟ ಇದ್ದಲ್ಲೇ ಇರುತ್ತದೆ, ಇಲ್ಲಿ ಗೆರೆ ಪ್ರತಿ ಸಲವೂ ಜಾಗ ಬದಲಿಸುತ್ತದೆ. ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ. ಒಂದಿಂಚು ಮಳೆಯಾಗಬಹುದಾದ ನೀರು ಹಿಮವಾಗಿ ಬಿದ್ದರೆ ಸಾಮಾನ್ಯವಾಗಿ ಹತ್ತಿಂಚು ಆಗುತ್ತದೆ, ಚಳಿ ಕಡುವಾಗಿದ್ದರೆ ಇನ್ನೂ ಹೆಚ್ಚು. ಹೀಗಾಗಿ ಮಳೆಯಲ್ಲಾದರೆ ಯಾರ ಗಮನಕ್ಕೂ ಬಾರದ ಕಾಲಿಂಚಿನ ತಪ್ಪು ಹಿಮದಲ್ಲಿ ಎರಡೂವರೆ ಇಂಚಿನ ತಪ್ಪಾಗಿ ಎಲ್ಲರ ಬಾಯಿಗೆ ಬೀಳುತ್ತದೆ.

ಹಳಬರ ಗೊಣಗಾಟಕ್ಕೆ ಮೂಲಪುರಾಣವೆಂದರೆ 2015ರ ಜನವರಿ 26 ಮತ್ತು 27. ನ್ಯೂಯಾರ್ಕ್ ನಗರಕ್ಕೆ ಎರಡಡಿಯ ಆಸುಪಾಸಿನಲ್ಲಿ, ಅಂದರೆ 20ರಿಂದ 30 ಇಂಚು ಹಿಮ ಬೀಳುವುದೆಂದು ಮುನ್ಸೂಚನೆಯಿತ್ತು. ನ್ಯೂಜೆರ್ಸಿಯಲ್ಲಿ ತುರ್ತುಸ್ಥಿತಿ ಘೋಷಣೆಯಾಯಿತು, ರೈಲುಗಳು ನಿಂತವು, ನ್ಯೂಯಾರ್ಕಿನ ಸಬ್‌ವೇಯನ್ನು ಅದರ ಇತಿಹಾಸದಲ್ಲೇ ಮೊದಲ ಬಾರಿಗೆ ಹಿಮದ ಕಾರಣಕ್ಕೆ ಮುಚ್ಚಿದರು. ಬೆಳಗಾಗುವಾಗ ಸೆಂಟ್ರಲ್ ಪಾರ್ಕಿನಲ್ಲಿ ಇದ್ದದ್ದು 9.8 ಇಂಚು, ಫಿಲಡೆಲ್ಫಿಯಾದಲ್ಲಿ ಒಂದೆರಡು ಇಂಚು ಮಾತ್ರ. ಆದರೆ ಅದೇ ಹೊತ್ತಿಗೆ ಲಾಂಗ್ ಐಲೆಂಡಿನ ಐಸ್ಲಿಪ್‌ನಲ್ಲಿ ಸುಮಾರು 25 ಇಂಚು ಬಿದ್ದಿತ್ತು, ಬಾಸ್ಟನ್ನಿನಲ್ಲೂ ಎರಡಡಿ ದಾಟಿತ್ತು. ಹಿಮ ಹೇಳಿದಷ್ಟೇ ಬಂದಿತ್ತು, ಬಿದ್ದ ಜಾಗ ಮಾತ್ರ ಐವತ್ತು-ಎಪ್ಪತ್ತೈದು ಮೈಲಿ ಪೂರ್ವಕ್ಕೆ ಸರಿದಿತ್ತು. 2012ರಲ್ಲಿ ಸ್ಯಾಂಡಿ ಚಂಡಮಾರುತ ಕರಾವಳಿಯತ್ತ ತಿರುಗುವುದನ್ನು ಯುರೋಪಿನ ಕಂಪ್ಯೂಟರ್ ಮಾದರಿ, ಅಂದರೆ ಮುಂದಿನ ಹವೆಯನ್ನು ಲೆಕ್ಕಹಾಕಿ ಹೇಳುವ ತಂತ್ರಾಂಶ, ಮೊದಲೇ ಹೇಳಿದ್ದರಿಂದ ಎಲ್ಲರಿಗೂ ಅದರ ಮೇಲೆ ಹೆಚ್ಚು ನಂಬಿಕೆಯಿತ್ತು. ಈ ಸಲ ಸತ್ಯಕ್ಕೆ ಹತ್ತಿರವಿದ್ದದ್ದು ಅಮೆರಿಕದ ಮಾದರಿ. ನ್ಯೂಜೆರ್ಸಿಯ ಬಹುಭಾಗಕ್ಕೆ ಮುನ್ಸೂಚನೆ ಕೊಡುವ ಮೌಂಟ್ ಹಾಲಿಯ ಹವಾಮಾನ ಕಚೇರಿಯ ಮುಖ್ಯಸ್ಥರಾಗಿದ್ದ ಗ್ಯಾರಿ ಸ್ಯಾಟ್‌ಕೌಸ್ಕಿ ಆ ರಾತ್ರಿಯೇ ಬಹಿರಂಗವಾಗಿ ಕ್ಷಮೆ ಕೇಳಿದರು. ಸರ್ಕಾರಿ ಅಧಿಕಾರಿಯೊಬ್ಬರು ಹೀಗೆ ನೇರವಾಗಿ ಕ್ಷಮೆ ಕೇಳಿದ್ದನ್ನು ಊರಿನಿಂದ ಬಂದ ನಾವು ಸ್ವಲ್ಪ ಬೆರಗಿನಿಂದಲೇ ನೋಡಬೇಕು.

ಎಲ್ಲ ತಪ್ಪುಗಳೂ ಅಷ್ಟು ನಿಷ್ಕಪಟವಲ್ಲ. 2017ರ ಮಾರ್ಚ್ 14ರ ಬಿರುಗಾಳಿಗೆ ಮುಂಚೆ, ಕರಾವಳಿಯ ನಗರಗಳಲ್ಲಿ ಹಿಮದ ಬದಲು ಸ್ಲೀಟ್ ಎಂಬ ಸಣ್ಣ ಮಂಜುಗಡ್ಡೆಯ ಹರಳುಗಳು ಬೀಳುವ ಸಾಧ್ಯತೆ ಹೆಚ್ಚಿದೆ ಎಂದು ಹವಾಮಾನ ಇಲಾಖೆಯವರಿಗೆ ಗೊತ್ತಾಗಿತ್ತು. ಆದರೂ ಜನರಿಗೆ ಗೊಂದಲವಾದೀತು, ಅಪಾಯ ಮುಗಿಯಿತೆಂದು ಭಾವಿಸಿಯಾರು ಎಂಬ ಅಂಜಿಕೆಯಿಂದ ದೊಡ್ಡ ಅಂಕಿಯನ್ನು ಇಳಿಸದೆ ಹಾಗೆಯೇ ಉಳಿಸಿಕೊಂಡರು. ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು 7.6 ಇಂಚು. ಇದು ಆಮೇಲೆ ಪತ್ರಿಕೆಗಳಲ್ಲಿ ವರದಿಯಾಯಿತು. ನನ್ನ ಮಟ್ಟಿಗೆ 2015ರ ತಪ್ಪಿಗಿಂತ ಇದು ದೊಡ್ಡದು, ಏಕೆಂದರೆ ಮೊದಲಿನದು ತಿಳಿಯದೆ ಆದದ್ದು, ಎರಡನೆಯದು ತಿಳಿದೂ ಹೇಳದೆ ಇದ್ದದ್ದು. ಇನ್ನು 2018ರ ನವೆಂಬರ್ 15 ತದ್ವಿರುದ್ಧ ದಿಕ್ಕಿನ ಪಾಠ. ಒಂದಿಷ್ಟು ಹಿಮ ಬಿದ್ದು ಮಳೆಗೆ ತಿರುಗುತ್ತದೆ ಎಂದುಕೊಂಡಿದ್ದ ಗುರುವಾರ ಮಧ್ಯಾಹ್ನ ಸೆಂಟ್ರಲ್ ಪಾರ್ಕಿನಲ್ಲಿ 6.4 ಇಂಚು ಬಿತ್ತು, ಉಪ್ಪು ಹಾಕುವ ಲಾರಿಗಳೇ ಸಂಚಾರದಲ್ಲಿ ಸಿಕ್ಕಿಬಿದ್ದವು, ಶಾಲಾ ಬಸ್ಸುಗಳು ದಾರಿಯಲ್ಲೇ ನಿಂತವು, ವೆಸ್ಟ್ ಆರೆಂಜ್ ಊರಿನಲ್ಲಿ ಮಕ್ಕಳು ಶಾಲೆಯಲ್ಲೇ ರಾತ್ರಿ ಕಳೆದರು. ಆರಿಂಚು ಹಿಮ ಜನವರಿಯ ಭಾನುವಾರ ಬೆಳಗಿನ ಜಾವ ಬಿದ್ದರೆ ಸುದ್ದಿಯೇ ಅಲ್ಲ. ಆದ್ದರಿಂದ ಮುನ್ಸೂಚನೆಯಲ್ಲಿ ಎಷ್ಟು ಇಂಚು ಎಂಬುದಕ್ಕಿಂತ ಮೊದಲು ಯಾವ ಗಂಟೆಗೆ ಶುರು ಎಂಬುದನ್ನು ನೋಡಿ. ಮಧ್ಯಾಹ್ನ ಎರಡಕ್ಕೆ ಶುರುವಾಗುವ ಮೂರಿಂಚು, ರಾತ್ರಿ ಹನ್ನೊಂದಕ್ಕೆ ಶುರುವಾಗುವ ಎಂಟಿಂಚಿಗಿಂತ ನಿಮ್ಮನ್ನು ಹೆಚ್ಚು ಕಾಡಬಲ್ಲದು.

ಈಗ ಎಚ್ಚರಿಕೆಗಳ ಮಾತು. ಊರಿನಲ್ಲಿ ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಅಲರ್ಟ್ ಕೊಡುತ್ತದೆ, ಕೊಡಗಿನಲ್ಲೋ ದಕ್ಷಿಣ ಕನ್ನಡದಲ್ಲೋ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಇಡೀ ಜಿಲ್ಲೆಯ ಶಾಲೆಗಳಿಗೆ ರಜೆ ಘೋಷಿಸುತ್ತಾರೆ. ಇಲ್ಲಿ ನ್ಯಾಷನಲ್ ವೆದರ್ ಸರ್ವಿಸ್ ಕೊಡುವುದು ವಾಚ್, ಅಡ್ವೈಸರಿ, ವಾರ್ನಿಂಗ್ ಎಂಬ ಮೂರು. ವಿಂಟರ್ ಸ್ಟಾರ್ಮ್ ವಾಚ್ ಎಂದರೆ ಒಂದೆರಡು ದಿನಗಳಲ್ಲಿ ದೊಡ್ಡ ಹಿಮ ಬೀಳುವ ಸಾಧ್ಯತೆಯಿದೆ, ಆದರೆ ಖಚಿತವಿಲ್ಲ ಎಂದಷ್ಟೇ ಅರ್ಥ. ಹೊಸಬರು ಇದನ್ನೇ ರೆಡ್ ಅಲರ್ಟ್ ಎಂದು ಓದಿಕೊಂಡು, ಹಿಮ ಬೀಳದಿದ್ದಾಗ ಮೋಸ ಹೋದೆವೆಂದು ಬೇಸರಿಸಿಕೊಳ್ಳುತ್ತಾರೆ. ವಾರ್ನಿಂಗ್ ಬಂದರೆ ಅದು ಬಹುಮಟ್ಟಿಗೆ ಖಚಿತ. ಅಡ್ವೈಸರಿಯಲ್ಲಿ ಖಚಿತತೆ ಇರುತ್ತದೆ, ಪ್ರಮಾಣ ಕಡಿಮೆ. ಅದನ್ನು ಅಸಡ್ಡೆ ಮಾಡಬೇಡಿ, ಏಕೆಂದರೆ ಬೀಳುವಾಗ ನೀರಾಗಿದ್ದು ರಸ್ತೆಗೆ ತಾಗಿದೊಡನೆ ಗಾಜಿನಂತೆ ಹೆಪ್ಪುಗಟ್ಟುವ ಫ್ರೀಜಿಂಗ್ ರೇನ್‌ಗೆ ಬಹಳ ಸಲ ಇಷ್ಟೇ ಸೂಚನೆ ಸಿಗುವುದು.

ಇನ್ನೊಂದು ಗೊಂದಲ ನಮ್ಮ ರಾಜ್ಯಕ್ಕೇ ವಿಶಿಷ್ಟವಾದದ್ದು, ಹಳಬರಲ್ಲೂ ಅನೇಕರು ಗಮನಿಸಿರುವುದಿಲ್ಲ. ನ್ಯೂಜೆರ್ಸಿಯ 21 ಕೌಂಟಿಗಳು ಒಂದೇ ಹವಾಮಾನ ಕಚೇರಿಗೆ ಸೇರಿಲ್ಲ. ಬರ್ಗನ್, ಪಸೇಯಿಕ್, ಎಸೆಕ್ಸ್, ಹಡ್ಸನ್ ಮತ್ತು ಯೂನಿಯನ್ ಕೌಂಟಿಗಳಿಗೆ ಮುನ್ಸೂಚನೆ ಬರುವುದು ಲಾಂಗ್ ಐಲೆಂಡಿನ ಅಪ್ಟನ್ ಕಚೇರಿಯಿಂದ. ಉಳಿದವುಗಳಿಗೆ ಬರುವುದು ಫಿಲಡೆಲ್ಫಿಯಾ ಪ್ರದೇಶವನ್ನೂ ನೋಡಿಕೊಳ್ಳುವ ಮೌಂಟ್ ಹಾಲಿ ಕಚೇರಿಯಿಂದ. ಎಡಿಸನ್ ಇರುವುದು ಮಿಡಲ್‌ಸೆಕ್ಸ್ ಕೌಂಟಿಯಲ್ಲಿ, ಪಕ್ಕದ ಕ್ಲಾರ್ಕ್ ಇರುವುದು ಯೂನಿಯನ್‌ನಲ್ಲಿ. ಎರಡು ಕಚೇರಿಗಳು ಪರಸ್ಪರ ಮಾತನಾಡಿಕೊಂಡೇ ಅಂಕಿಗಳನ್ನು ಹೊಂದಿಸುತ್ತವೆ, ಆದರೂ ಎಚ್ಚರಿಕೆ ಹೊರಡುವ ಹೊತ್ತು ಒಮ್ಮೊಮ್ಮೆ ಬೇರೆಯಾಗುತ್ತದೆ. ವಾರ್ನಿಂಗ್‌ಗೆ ಬೇಕಾದ ಹಿಮದ ಪ್ರಮಾಣವೂ ಎಲ್ಲೆಡೆ ಒಂದೇ ಅಲ್ಲ: ಉತ್ತರದಲ್ಲಿ 12 ಗಂಟೆಗಳಲ್ಲಿ ಸುಮಾರು 6 ಇಂಚು ಬೇಕು, ಹಿಮ ಕಡಿಮೆ ಬೀಳುವ ದಕ್ಷಿಣದಲ್ಲಿ ಅದಕ್ಕಿಂತ ಕಡಿಮೆ ಸಾಕು. ಇದಕ್ಕೆ ಟಿವಿಯನ್ನೂ ಸೇರಿಸಿ. ಉತ್ತರದ ಮನೆಗಳಿಗೆ ನ್ಯೂಯಾರ್ಕಿನ ವಾಹಿನಿಗಳು, ದಕ್ಷಿಣದ ಮನೆಗಳಿಗೆ ಫಿಲಡೆಲ್ಫಿಯಾದ ವಾಹಿನಿಗಳು. ನಡುವಿನ ನಮಗೆ ಎರಡು ನಗರಗಳ ಸುದ್ದಿಯ ನಡುವೆ ನಮ್ಮ ಊರು ಸಿಗುವುದೇ ಇಲ್ಲ ಎಂಬ ದೂರು ಇಲ್ಲಿ ಹಳೆಯದು, ಮತ್ತು ನ್ಯಾಯವಾದದ್ದು. ಬಿರುಗಾಳಿಗೆ ಟಿವಿಯಲ್ಲಿ ಕೇಳಿಬರುವ ಹೆಸರುಗಳನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಚಳಿಗಾಲದ ಬಿರುಗಾಳಿಗಳಿಗೆ 2012ರಿಂದ ಹೆಸರಿಡುತ್ತಿರುವುದು ಒಂದು ಖಾಸಗಿ ವಾಹಿನಿ, ಸರ್ಕಾರಿ ಇಲಾಖೆ ಅದನ್ನು ಬಳಸುವುದಿಲ್ಲ. ಹೆಸರು ಬಂದ ಮಾತ್ರಕ್ಕೆ ಬಿರುಗಾಳಿ ದೊಡ್ಡದೆಂದು ಅರ್ಥವಲ್ಲ.

ಹಾಗಾದರೆ ಓದಬೇಕಾದ್ದು ಯಾವುದು? ಫೋನಿನೊಡನೆ ಬಂದ ಆ್ಯಪ್ ಅಂತೂ ಅಲ್ಲ. ಅದು ಮನುಷ್ಯರ ಕೈ ತಾಗದೆ, ಮಾದರಿಯ ಅಂಕಿಯನ್ನೇ ನೇರವಾಗಿ ತೋರಿಸುತ್ತಿರಬಹುದು. ಬೆಳಿಗ್ಗೆ ಹದಿನಾಲ್ಕಿಂಚು ಎಂದದ್ದು ಸಂಜೆಗೆ ಮೂರಿಂಚು ಎನ್ನುವುದು ಇದೇ ಕಾರಣಕ್ಕೆ. ಐದಾರು ದಿನ ಮೊದಲೇ ಯಾರೋ ವಾಟ್ಸಾಪ್ ಗುಂಪಿಗೆ ಕಳುಹಿಸುವ ನೇರಳೆ ಬಣ್ಣದ ನಕ್ಷೆಯನ್ನು ನೋಡಿ ಯಾವ ನಿರ್ಧಾರವನ್ನೂ ಮಾಡಬೇಡಿ. ಬಿರುಗಾಳಿಯಾಗಬೇಕಾದ ಗಾಳಿಯ ಸುಳಿ ಆಗಿನ್ನೂ ಪೆಸಿಫಿಕ್ ಸಾಗರದ ಮೇಲಿರುತ್ತದೆ. ವೆದರ್ ಡಾಟ್ ಗವ್ ತಾಣದಲ್ಲಿ ನಿಮ್ಮ ಪಿನ್‌ಕೋಡ್, ಇಲ್ಲಿನವರ ಜಿಪ್ ಕೋಡ್, ಹಾಕಿದರೆ ನಿಮ್ಮ ಕಚೇರಿಯ ಪುಟ ತೆರೆಯುತ್ತದೆ. ಹಿಮದ ದಿನಗಳಲ್ಲಿ ಅಲ್ಲಿ ಮೂರು ನಕ್ಷೆಗಳಿರುತ್ತವೆ: ನಿರೀಕ್ಷೆಯ ಪ್ರಮಾಣ ಒಂದು, ಹತ್ತರಲ್ಲಿ ಒಂಬತ್ತು ಪಾಲು ಇಷ್ಟಾದರೂ ಬೀಳುತ್ತದೆ ಎಂಬ ಕೆಳಮಿತಿ ಒಂದು, ಇದನ್ನು ಮೀರುವ ಸಾಧ್ಯತೆ ಹತ್ತರಲ್ಲೊಂದು ಎಂಬ ಮೇಲ್ಮಿತಿ ಒಂದು. ನಿಮ್ಮ ಊರಿಗೆ ಕೆಳಮಿತಿ ಐದು, ಮೇಲ್ಮಿತಿ ಒಂಬತ್ತು ಎಂದಿದ್ದರೆ ನೆಮ್ಮದಿಯಿಂದ ಯೋಜನೆ ಹಾಕಬಹುದು. ಕೆಳಮಿತಿ ಸೊನ್ನೆ, ಮೇಲ್ಮಿತಿ ಹದಿನಾಲ್ಕು ಎಂದಿದ್ದರೆ ಮಳೆ-ಹಿಮದ ಗೆರೆ ನಿಮ್ಮ ಮನೆಯ ಮೇಲೆಯೇ ಇದೆ ಎಂದು ತಿಳಿಯಿರಿ. ಆಗ ನಡುವಿನ ಏಳು ಎಂಬ ಅಂಕಿಗೆ ಯಾವ ಬೆಲೆಯೂ ಇಲ್ಲ, ಟಿವಿಯಲ್ಲಿ ಮಾತ್ರ ಅದೇ ಏಳು ಕಾಣುತ್ತಿರುತ್ತದೆ. ಓದುವ ಚಟವಿರುವವರು ಅದೇ ಪುಟದಲ್ಲಿರುವ ‘ಫೋರ್‌ಕಾಸ್ಟ್ ಡಿಸ್ಕಷನ್’ ಎಂಬ ಟಿಪ್ಪಣಿಯನ್ನು ನೋಡಬೇಕು. ಮುನ್ಸೂಚನೆ ಬರೆದವರೇ ತಮಗೆ ಯಾವುದರಲ್ಲಿ ವಿಶ್ವಾಸವಿದೆ, ಯಾವುದರಲ್ಲಿ ಇಲ್ಲ, ಯಾವ ಮಾದರಿ ಏನು ಹೇಳುತ್ತಿದೆ ಎಂಬುದನ್ನು ದಿನಕ್ಕೆ ಹಲವು ಬಾರಿ ಅಲ್ಲಿ ಬಿಚ್ಚಿ ಬರೆಯುತ್ತಾರೆ. ಟಿವಿಗಿಂತ ಅದು ಎಷ್ಟೋ ಪ್ರಾಮಾಣಿಕ.

ಶಾಲೆಯ ರಜೆಯನ್ನು ಮುನ್ಸೂಚನೆಯಿಂದ ಊಹಿಸಲು ಹೋಗಬೇಡಿ. ಇಲ್ಲಿ ಸುಮಾರು 600 ಶಾಲಾ ಜಿಲ್ಲೆಗಳಿವೆ, ಪ್ರತಿಯೊಂದರಲ್ಲೂ ಅಲ್ಲಿನ ಸೂಪರಿಂಟೆಂಡೆಂಟ್ ನಿರ್ಧರಿಸುತ್ತಾರೆ, ಫೋನು ಬರುವುದು ಬಹುಪಾಲು ಬೆಳಗಿನ ಜಾವ. ವರ್ಷಕ್ಕೆ 180 ದಿನ ಶಾಲೆ ನಡೆಯಲೇಬೇಕಾದ್ದರಿಂದ ಮೊದಲೇ ತೆಗೆದಿಟ್ಟ ಹಿಮದ ರಜೆಗಳು ಮುಗಿದರೆ ವಸಂತದ ರಜೆಯಲ್ಲೋ ಜೂನ್ ಕೊನೆಯಲ್ಲೋ ಆ ದಿನಗಳನ್ನು ತುಂಬಿಕೊಡಬೇಕಾಗುತ್ತದೆ. ಅದಕ್ಕೇ ಮಾರ್ಚ್ ತಿಂಗಳ ಹೊತ್ತಿಗೆ ಅವರ ಕೈ ಬಿಗಿಯಾಗಿರುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ವಾಚ್ ಬಂದ ದಿನವೇ ಮಕ್ಕಳನ್ನು ಯಾರು ನೋಡಿಕೊಳ್ಳುವುದೆಂದು ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು. ಹಿಮ ಬೀಳದಿದ್ದರೆ ಆ ಮಾತಿನಿಂದ ನಷ್ಟವೇನೂ ಇಲ್ಲ. ಊರಿಗೆ ಹೋಗುವ ವಿಮಾನವಿದ್ದರೆ ಕಂಪನಿಗಳು ವಾರ್ನಿಂಗ್‌ಗೆ ಮುಂಚೆಯೇ ಶುಲ್ಕವಿಲ್ಲದೆ ದಿನಾಂಕ ಬದಲಿಸಲು ಬಿಡುವುದುಂಟು, ಆ ಅವಕಾಶವನ್ನು ಬೇಗ ಬಳಸಿಕೊಳ್ಳಿ.

ಒಂದು ಎಚ್ಚರಿಕೆಯ ವಿಷಯದಲ್ಲಿ ಮಾತ್ರ ಚರ್ಚೆಗೆ ಅವಕಾಶವಿಲ್ಲ. ಸ್ನೋ ಸ್ಕ್ವಾಲ್ ವಾರ್ನಿಂಗ್ ಎಂದು ಫೋನು ಕಿರುಚಿಕೊಂಡರೆ, ಕೆಲವೇ ನಿಮಿಷಗಳಲ್ಲಿ ಗಾಳಿಯೊಡನೆ ಹಿಮ ಅಡ್ಡಲಾಗಿ ಬೀಸಿ ಮುಂದಿನ ಕಾರೂ ಕಾಣದಂತಾಗುತ್ತದೆ ಎಂದರ್ಥ. ಒಟ್ಟು ಬೀಳುವುದು ಒಂದಿಂಚೂ ಇರಲಿಕ್ಕಿಲ್ಲ, ಆದರೆ ಹೆದ್ದಾರಿಗಳಲ್ಲಿ ಸಾಲು ಸಾಲಾಗಿ ಗಾಡಿಗಳು ಡಿಕ್ಕಿಯಾಗುವುದು ಇಂಥ ಹೊತ್ತಿನಲ್ಲೇ. ಹೊರಡದಿದ್ದವರು ಅರ್ಧ ಗಂಟೆ ತಡೆದು ಹೊರಡಿ. ದಾರಿಯಲ್ಲಿದ್ದವರು ಮುಂದಿನ ಎಕ್ಸಿಟ್‌ನಲ್ಲಿ ಇಳಿದು ನಿಲ್ಲಿ.

ಕೊನೆಯದಾಗಿ, ಹೇಳಿದ್ದಕ್ಕೂ ಬಿದ್ದದ್ದಕ್ಕೂ ತಾಳೆ ಹಾಕಬೇಕೆನ್ನುವವರಿಗೆ. ಕಾರಿನ ಮೇಲೆ, ಗಾಳಿ ಗುಡ್ಡೆಹಾಕಿದ ಬಾಗಿಲ ಬಳಿ, ಬಿಸಿಲಿಗೆ ಕಾದ ಡಾಂಬರಿನ ಮೇಲೆ ಅಳೆದ ಅಂಕಿ ಲೆಕ್ಕಕ್ಕೆ ಬರುವುದಿಲ್ಲ. ಬಿಳಿ ಬಣ್ಣ ಬಳಿದ ಹಲಗೆಯೊಂದನ್ನು ಮನೆ ಮತ್ತು ಮರಗಳಿಂದ ದೂರ, ಸಮತಟ್ಟಾದ ನೆಲದ ಮೇಲೆ ಮೊದಲೇ ಇಟ್ಟು, ಹಿಮ ನಿಂತ ಕೂಡಲೇ ಅದು ಕುಸಿಯುವ ಮುಂಚೆ ಇಂಚಿನ ಹತ್ತನೇ ಒಂದು ಭಾಗದವರೆಗೆ ಅಳೆಯಬೇಕು. 1998ರಲ್ಲಿ ಕೊಲರಾಡೊದಲ್ಲಿ ಶುರುವಾದ ಕೋಕೋರಾಸ್ ಎಂಬ ಸ್ವಯಂಸೇವಕರ ಜಾಲಕ್ಕೆ ನ್ಯೂಜೆರ್ಸಿಯ ಮನೆಗಳಿಂದಲೂ ದಿನವೂ ಬೆಳಿಗ್ಗೆ ಏಳರ ಸುಮಾರಿಗೆ ಇಂಥ ಅಳತೆಗಳು ಹೋಗುತ್ತವೆ, ಹವಾಮಾನ ಕಚೇರಿಯವರೂ ಅವನ್ನು ಬಳಸುತ್ತಾರೆ. ಸೇರಲು ಅರ್ಹತೆಯ ಪರೀಕ್ಷೆಯಿಲ್ಲ, ವೀಸಾ ಯಾವುದೆಂದು ಕೇಳುವುದಿಲ್ಲ. ನಾಲ್ಕಿಂಚು ವ್ಯಾಸದ ಮಳೆಮಾಪಕ ಒಂದನ್ನು ಕೊಂಡರೆ ಸಾಕು.