ಹಳೇ ಕಾಲದ ಸೆರಿಫ್ ಫಾಂಟನ್ನು ಶೀರ್ಷಿಕೆಗೆ ಬಳಸುವುದು ಹೇಗೆ

ಬಳ್ಳಿಯ ಹಾಗೆ ಸುತ್ತಿಕೊಂಡ ಬಾಲ, ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲೆಳೆಯಷ್ಟು ತೆಳುವಾದ ಗೆರೆ. ಹಳೇ ಶೈಲಿಯ ಅಲಂಕಾರದ ಸೆರಿಫ್ ಫಾಂಟ್ (ಗೆರೆಗಳ ತುದಿಯಲ್ಲಿ ಪುಟ್ಟ ಅಡ್ಡಗೆರೆ ಇರುವ ಅಕ್ಷರಗಳು) ನೋಡಿದ ಕೂಡಲೇ ಆಸೆಯಾಗುತ್ತದೆ, ಅಲ್ವಾ? ಆ ಆಸೆಯಲ್ಲಿ ಇಡೀ ಪೋಸ್ಟರನ್ನೇ ಅದರಲ್ಲಿ ಟೈಪ್ ಮಾಡಬೇಡಿ. ಸಣ್ಣ ಅಳತೆಯಲ್ಲಿ ಆ ತೆಳು ಗೆರೆಗಳು ಮಾಯವಾಗುತ್ತವೆ, ದಪ್ಪ ಗೆರೆಗಳು ಮಾತ್ರ ಕಂಬಗಳಂತೆ ನಿಲ್ಲುತ್ತವೆ.

ಈ ಅಕ್ಷರಗಳು ಹುಟ್ಟಿದ್ದೇ ದೂರದಿಂದ ಕಾಣಲಿಕ್ಕೆ. 19ನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡಿನ ಜಾಹೀರಾತುಗಳಿಗಾಗಿ ಫ್ಯಾಟ್ ಫೇಸ್ ಎಂಬ ದಪ್ಪ ಅಕ್ಷರಗಳು ಬಂದವು. 1820ರ ದಶಕದ ಕೊನೆಗೆ ನ್ಯೂಯಾರ್ಕ್‌ನಲ್ಲಿ ಡೇರಿಯಸ್ ವೆಲ್ಸ್ ಮರದ ಅಕ್ಷರಗಳನ್ನು ಯಂತ್ರದಿಂದ ಕೊರೆಯಲು ಶುರುಮಾಡಿದ ಮೇಲೆ ಪೋಸ್ಟರ್ ಅಕ್ಷರಗಳು ಇನ್ನೂ ದೊಡ್ಡದಾದವು, ಯಾಕೆಂದರೆ ಸೀಸದಲ್ಲಿ ಅಷ್ಟು ದೊಡ್ಡ ಅಕ್ಷರ ಎರಕ ಹೊಯ್ದರೆ ಎತ್ತಲಾರದಷ್ಟು ಭಾರ, ಖರ್ಚೂ ಜಾಸ್ತಿ.

ಹಾಗಾಗಿ ಮೊದಲು ಪದಗಳನ್ನು ಕಡಿಮೆ ಮಾಡಿ. ಎರಡು, ಮೂರು, ಹೆಚ್ಚೆಂದರೆ ಐದು. ಉಳಿದ ವಿವರಗಳಿಗೆ ಸಾದಾ ಫಾಂಟ್ ಸಾಕು. ಎರಡು ಅಲಂಕಾರದ ಫಾಂಟುಗಳನ್ನು ಅಕ್ಕಪಕ್ಕ ಕೂರಿಸಿದರೆ ಎರಡೂ ಕೆಡುತ್ತವೆ. ಕಲಿಯಲಿಕ್ಕೆ ಅಬ್ರಿಲ್ ಫ್ಯಾಟ್‌ಫೇಸ್ ಎಂಬ ಫಾಂಟ್ ಒಳ್ಳೆಯದು. ಉಚಿತವಾಗಿ ಸಿಗುತ್ತದೆ, ಹಳೇ ಪೋಸ್ಟರ್ ಅಕ್ಷರಗಳ ಗುಣವೂ ಚೆನ್ನಾಗಿ ಬಂದಿದೆ.

ಇನ್ನು ಸ್ವಾಷ್, ಅಂದರೆ ಅಕ್ಷರದಿಂದ ಹೊರಚಾಚಿದ ಆ ಬಾಲಗಳು. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಇಲಸ್ಟ್ರೇಟರ್ ಎಂಬ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಗ್ಲಿಫ್ಸ್ ಪ್ಯಾನೆಲ್ ತೆರೆದರೆ ಒಂದೇ ಅಕ್ಷರದ ಮೂರ್ನಾಲ್ಕು ರೂಪಗಳು ಕಾಣಬಹುದು. ಎಲ್ಲವನ್ನೂ ಬಳಸುವ ಮನಸ್ಸಾಗುತ್ತದೆ, ತಡೆದುಕೊಳ್ಳಿ. ಮೊದಲು ಪದವನ್ನು ಸಾದಾ ರೂಪದಲ್ಲೇ ಕೂರಿಸಿ, ಎಲ್ಲಿ ಖಾಲಿ ಜಾಗವಿದೆ ನೋಡಿ, ಆ ಜಾಗಕ್ಕೆ ಮಾತ್ರ ಬಾಲ ಬಿಡಿ. ಸಾಮಾನ್ಯವಾಗಿ ಮೊದಲ ಅಕ್ಷರ ಅಥವಾ ಕೊನೆಯದು, ಅಷ್ಟೇ. ಇಂಗ್ಲಿಷ್ ಪದವನ್ನು ಪೂರ್ತಿ ಸ್ವಾಷ್ ಇರುವ ದೊಡ್ಡಕ್ಷರಗಳಲ್ಲಿ ಬರೆದರೆ ಬಾಲಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಓದುವವರಿಗೆ ಒಗಟಾಗುತ್ತದೆ.

ಆಮೇಲೆ ಕರ್ನಿಂಗ್, ಅಂದರೆ ಅಕ್ಕಪಕ್ಕದ ಅಕ್ಷರಗಳ ನಡುವಿನ ಸಂದು ಹೊಂದಿಸುವುದು. ಸಣ್ಣ ಅಳತೆಯಲ್ಲಿ ಕಣ್ಣಿಗೆ ಬೀಳದ ಸಂದು ದೊಡ್ಡದು ಮಾಡಿದಾಗ ಬಾಗಿಲಿನಷ್ಟು ಕಾಣುತ್ತದೆ. ಅದಕ್ಕೇ ಅಕ್ಷರಗಳ ನಡುವಿನ ಅಂತರವನ್ನು ಕೈಯಾರೆ ಸರಿಮಾಡಬೇಕು. ನನಗೆ ತುಂಬಾ ಉಪಯೋಗವಾಗುವ ಉಪಾಯವೆಂದರೆ ಪದವನ್ನು ತಲೆಕೆಳಗು ಮಾಡಿ ನೋಡುವುದು. ಆಗ ಮನಸ್ಸು ಓದುವುದನ್ನು ಬಿಟ್ಟು ಬರೀ ಕಪ್ಪು ಬಿಳುಪನ್ನು ನೋಡುತ್ತದೆ, ಎಲ್ಲಿ ಸಂದು ಹೆಚ್ಚಾಗಿದೆ ಅಂತ ಥಟ್ಟನೆ ತಿಳಿಯುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು. ಕಡು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಇಟ್ಟರೆ ಮುದ್ರಣದಲ್ಲಿ ಶಾಯಿ ಹರಡಿ ತೆಳು ಗೆರೆಗಳನ್ನು ನುಂಗಬಹುದು, ಅಕ್ಷರವನ್ನು ಇನ್ನಷ್ಟು ದೊಡ್ಡದು ಮಾಡಿ.

ಮುಗಿಸುವ ಮೊದಲು ನಿಜವಾದ ಅಳತೆಯಲ್ಲಿ ಒಂದು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ದೂರ ನಿಂತು ನೋಡಿ. ಪರದೆಯ ಮೇಲೆ ಜೂಮ್ ಮಾಡಿ ನೋಡಿದ್ದು ಲೆಕ್ಕಕ್ಕಿಲ್ಲ. ಮಾರುವ ಕೆಲಸಕ್ಕೆ ಬಳಸುವುದಾದರೆ ಫಾಂಟಿನ ಲೈಸೆನ್ಸ್ ಓದಿಕೊಳ್ಳಿ, ಸ್ವಂತ ಬಳಕೆಗೆ ಮಾತ್ರ ಉಚಿತವಾದವು ಬೇಕಾದಷ್ಟಿವೆ. ಮುದ್ರಣಕ್ಕೆ ಕೊಡುವಾಗ ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಚಿತ್ರದಂಥ ಆಕಾರಗಳಾಗಿ ಬದಲಿಸಿ, ಆದರೆ ಅದಕ್ಕೂ ಮೊದಲು ಫೈಲಿನ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಔಟ್‌ಲೈನ್ ಆದ ಮೇಲೆ ಒಂದು ಅಕ್ಷರ ತಪ್ಪಿದ್ದರೂ ಟೈಪ್ ಮಾಡಿ ತಿದ್ದಲಿಕ್ಕೆ ಆಗುವುದಿಲ್ಲ.